ಸಲಹೆ ಕೊಡದ ಆಪ್ತಸಲಹೆ: ಮಲೆನಾಡಿನಲ್ಲಿ ಸಮಾಲೋಚನೆಗೆ ಕೂರುವವರಿಗೆ

ಕೌನ್ಸೆಲಿಂಗ್‌ಗೆ, ಅಂದರೆ ಸಮಾಲೋಚನೆಗೆ, ಇರುವ ಆಪ್ತಸಲಹೆ ಎಂಬ ಪದದಲ್ಲೇ ಒಂದು ತೊಡಕಿದೆ. ಬಂದವರು ಸಲಹೆ ಸಿಗುತ್ತದೆಂದು ಬರುತ್ತಾರೆ, ಎದುರಿಗೆ ಕೂತವರು ಕೊಡಲು ತುದಿಗಾಲಲ್ಲಿ ನಿಂತಿರುತ್ತಾರೆ. ಮಲೆನಾಡಿನಲ್ಲಿ ಸಲಹೆಗೆ ಎಂದೂ ಬರವಿಲ್ಲ. ಊರ ಹಿರಿಯರು, ಸೊಸೈಟಿ ಜಗಲಿಯ ಮೇಲೆ ಕೂತವರು, ನೋಟ ನೋಡಿ ಭವಿಷ್ಯ ಹೇಳುವವರು, ಪೇಟೆಯಲ್ಲಿರುವ ಭಾವ, ಹೀಗೆ ಎಲ್ಲರೂ ಒಂದೊಂದು ಹೇಳಿ ಆಗಿರುತ್ತದೆ. ಅಷ್ಟಾದ ಮೇಲೂ ಒಬ್ಬರು ಎರಡು ಬಸ್ಸು ಬದಲಿಸಿ ನಿಮ್ಮೆದುರು ಬಂದು ಕೂತಿದ್ದಾರೆ ಎಂದರೆ, ಇನ್ನೂ ಒಂದು ಸಲಹೆಯಿಂದ ಆಗುವುದು ಅಷ್ಟರಲ್ಲೇ ಇದೆ. ಅವರಿಗೆ ಈವರೆಗೆ ಸಿಗದೇ ಇದ್ದದ್ದು ಪೂರ್ತಿ ಕೇಳಿಸಿಕೊಳ್ಳುವ ಒಂದು ಕಿವಿ. ಸಮಾಲೋಚನೆಯ ಕೌಶಲಗಳೆಲ್ಲ ಹೊರಡುವುದು ಅಲ್ಲಿಂದ.

ನೊಂದ ಹೆಂಗಸರಿಗಾಗಿ ಇರುವ ಸಾಂತ್ವನ ಕೇಂದ್ರ, ಹಾಸ್ಟೆಲ್, ಕಾಲೇಜು, ಆಸ್ಪತ್ರೆಗಳಲ್ಲಿ ಹೊಸದಾಗಿ ಈ ಕೆಲಸಕ್ಕೆ ಕೂತವರಿಗಾಗಿ ಇದನ್ನು ಬರೆದಿದ್ದೇವೆ. ಓದಿದ ಮಾತ್ರಕ್ಕೆ ಯಾರೂ ಸಮಾಲೋಚಕರಾಗುವುದಿಲ್ಲ. ತರಬೇತಿಯೂ ಬೇಕು, ಅನುಭವಿಗಳ ಮೇಲ್ವಿಚಾರಣೆಯೂ ಬೇಕು.

ಕೋಣೆ, ಕುರ್ಚಿ, ಬಸ್ಸಿನ ಹೊತ್ತು

ಎರಡೂ ಕುರ್ಚಿ ಒಂದೇ ಎತ್ತರದ್ದಿರಲಿ. ನಡುವೆ ಮೇಜು ಬೇಡ, ಮೂರು ನಾಲ್ಕು ಅಡಿ ಅಂತರ ಸಾಕು. ನೇರ ಎದುರುಬದುರು ಹಾಕಿದರೆ ಠಾಣೆಯ ವಿಚಾರಣೆಯಂತೆ ಕಾಣುತ್ತದೆ. ಸ್ವಲ್ಪ ಓರೆಯಾಗಿ ಹಾಕಿದರೆ ಬಂದವರಿಗೆ ಬೇಕಾದಾಗ ಮುಖ ನೋಡಬಹುದು, ಬೇಡವೆನಿಸಿದಾಗ ಕಿಟಕಿಯತ್ತ ನೋಡಬಹುದು. ಗಡಿಯಾರ ಅವರ ಬೆನ್ನ ಹಿಂದಿನ ಗೋಡೆಯಲ್ಲಿರಲಿ. ಮಾತಿನ ನಡುವೆ ನೀವು ಕೈಗಡಿಯಾರ ನೋಡಿದರೆ ಅವರ ಮಾತು ಅಲ್ಲಿಗೇ ನಿಲ್ಲುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಕೂರಬೇಡಿ. ಮಳೆ ಜೋರಾದಂತೆ ಇಬ್ಬರ ದನಿಯೂ ಏರುತ್ತದೆ. ಫಕ್ಕನೆ ಮಳೆ ನಿಂತ ಗಳಿಗೆಯಲ್ಲಿ ಒಂದು ಗುಟ್ಟು ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳಿಸಿಬಿಡುತ್ತದೆ. ಆರ್‌ಸಿಸಿ ತಾರಸಿಯ ಕೋಣೆ ಚಿಕ್ಕದಾದರೂ ಅದನ್ನೇ ಆರಿಸಿ.

ಒಂದು ಭೇಟಿಗೆ 45ರಿಂದ 50 ನಿಮಿಷ. ಕೂತ ಕೂಡಲೇ ಕೇಳಬೇಕಾದ್ದು: “ವಾಪಸ್ ಬಸ್ಸು ಎಷ್ಟು ಹೊತ್ತಿಗೆ?” ಕೊನೆಯ ಬಸ್ಸಿನ ಚಿಂತೆಯಲ್ಲಿರುವವರು ಅರ್ಧ ಮನಸ್ಸಿನಲ್ಲಿ ಮಾತಾಡುತ್ತಾರೆ. ಮುಗಿಯಲು 10 ನಿಮಿಷ ಇದೆ ಎನ್ನುವಾಗ ಬಾಯಿ ಬಿಟ್ಟು ತಿಳಿಸಿ. ಯಾಕೆಂದರೆ ಎಷ್ಟೋ ಜನ ನಿಜವಾದ ವಿಷಯ ತೆಗೆಯುವುದು ಎದ್ದು ನಿಂತು ಕೊಡೆ ಕೈಗೆ ತಗೊಂಡ ಮೇಲೆ. “ಅಂದಹಾಗೆ ಮೇಡಂ, ಅವರು ಮೊನ್ನೆ ಕೈ ಮಾಡಿದ್ರು.” ಆಗ ಗಾಬರಿಯಲ್ಲಿ ಮತ್ತೆ ಒಂದು ಗಂಟೆ ಕೂರಿಸಬೇಡಿ, ತಳ್ಳಿಯೂ ಹಾಕಬೇಡಿ. “ಇವತ್ತು ಮನೆಗೆ ಹೋಗೋದಕ್ಕೆ ಭಯ ಇದೆಯಾ?” ಎಂದು ಕೇಳಿ. ಇದೆ ಎಂದರೆ ಇವತ್ತೇ ವ್ಯವಸ್ಥೆ ಆಗಬೇಕು: ತಂಗಲು ಬೇರೆ ಜಾಗ, ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಇಲ್ಲವೆಂದರೆ ಮುಂದಿನ ಭೇಟಿಯನ್ನು ಹತ್ತಿರದ ದಿನಕ್ಕೆ ಇಟ್ಟು, ಅದೇ ಮಾತಿನಿಂದ ಶುರು ಮಾಡಿ.

ಜೊತೆಗೆ ಅತ್ತೆಯೋ ಗಂಡನೋ ಅಣ್ಣನೋ ಬಂದೇ ಬರುತ್ತಾರೆ. ಐದು ನಿಮಿಷ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ, ನಂತರ “ನಮ್ಮಲ್ಲಿ ಎಲ್ಲರ ಹತ್ತಿರವೂ ಒಬ್ಬೊಬ್ಬರೇ ಇದ್ದಾಗ ಸ್ವಲ್ಪ ಹೊತ್ತು ಮಾತಾಡೋದು ಪದ್ಧತಿ” ಎಂದು ಹೊರಗೆ ಕಳಿಸಿ. ಪದ್ಧತಿ ಎಂದರೆ ಯಾರಿಗೂ ಅವಮಾನವಿಲ್ಲ.

ಮೊದಲ ಹತ್ತು ನಿಮಿಷ

ನಮ್ಮ ಕಡೆ ಪರಿಚಯ ಶುರುವಾಗುವುದೇ “ಯಾವ ಊರು, ಯಾರ ಮನೆ?” ಎಂಬಲ್ಲಿಂದ. ಸಮಾಲೋಚನೆಯ ಕೋಣೆಯಲ್ಲಿ ಆ ಎರಡನೇ ಪ್ರಶ್ನೆ ಬೇಡವೇ ಬೇಡ. ಅದರಲ್ಲಿ ಜಾತಿ, ನೆಂಟಸ್ತನ, ಅಂತಸ್ತು ಮೂರೂ ಗೊತ್ತಾಗಿಬಿಡುತ್ತದೆ, ನಿಮಗೂ ಅವರಿಗೂ ಯಾರೋ ಒಬ್ಬ ಸಾಮಾನ್ಯ ಬಂಧು ಸಿಕ್ಕಿಬಿಡುತ್ತಾನೆ, ಅಲ್ಲಿಗೆ ಬಾಯಿ ಮುಚ್ಚಿತು. ಗೌಡ್ರೆ, ಭಟ್ರೆ, ಹೆಗ್ಡೇರೆ ಎನ್ನುವ ಬದಲು “ನಿಮ್ಮನ್ನ ಹೇಗೆ ಕರೀಲಿ?” ಎಂದು ಕೇಳಿದರೆ ಸರಿ. ಹದಿನಾರರ ಹುಡುಗನಿಗೂ ಮೊದಲ ದಿನ ‘ನೀವು’ ಇರಲಿ. ಏಕವಚನ ಅವರಾಗಿ ಕೇಳಿದರೆ ಮಾತ್ರ.

ನಂತರ ಗೋಪ್ಯತೆಯ ಮಾತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಂದವರ ಮನಸ್ಸಿನಲ್ಲಿರುವ ಮೊದಲ ಹೆದರಿಕೆಯೇ ಅದು. ಇಷ್ಟು ಹೇಳಿ:

“ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ನಿಮ್ಮ ಮನೆಯವರಿಗೂ ಹೇಳುವುದಿಲ್ಲ. ಆದರೆ ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ಹದಿನೆಂಟು ತುಂಬದ ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಅಥವಾ ಕೋರ್ಟು ಕೇಳಿದರೆ, ಆಗ ಹೇಳಲೇಬೇಕಾಗುತ್ತದೆ. ಹೇಳುವ ಮುಂಚೆ ಆದಷ್ಟು ನಿಮಗೆ ತಿಳಿಸುತ್ತೇನೆ.”

2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ಸಮಾಲೋಚಕರಿಗೆ ವಿನಾಯಿತಿ ಇಲ್ಲ. ಈ ಮಿತಿಯನ್ನು ಮೊದಲೇ ಹೇಳದೆ, ಹುಡುಗಿ ಎಲ್ಲ ಹೇಳಿಕೊಂಡ ಮೇಲೆ “ಈಗ ಪೊಲೀಸರಿಗೆ ತಿಳಿಸಬೇಕು” ಎಂದರೆ ಅದು ಅವಳ ಪಾಲಿಗೆ ಎರಡನೇ ದ್ರೋಹ.

ಇನ್ನೊಂದು ಚಿಕ್ಕ ಮಾತು, ಚಿಕ್ಕ ಊರುಗಳಲ್ಲಿ ದೊಡ್ಡದು: “ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೋ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ. ನೀವು ಮಾತಾಡಿಸಿದರೆ ಮಾತಾಡುತ್ತೇನೆ.” ಬಂದವರು ನಿಮ್ಮ ನೆಂಟರೋ ನೆರೆಯವರೋ ಆಗಿದ್ದರೆ ಬೇರೆ ಸಮಾಲೋಚಕರ ಬಳಿಗೆ ಕಳಿಸಿ.

ಕೇಳಿಸಿಕೊಳ್ಳುವ ಕಸುಬು

ಒಬ್ಬ ಹೆಂಗಸು ಹೀಗೆ ಹೇಳುತ್ತಾರೆ ಎಂದಿಟ್ಟುಕೊಳ್ಳಿ: “ಎಂಥ ಹೇಳೂದು. ಬೆಳಿಗ್ಗೆ ಎದ್ರೆ ಮಂಡೆಬಿಸಿ. ಇವರು ಒಂದು ಮಾತಾಡಲ್ಲ. ಅತ್ತೆ ಮಾಡಿದ್ದಕ್ಕೆಲ್ಲ ಹೆಸರಿಡ್ತಾರೆ. ಸಾಕಾಗಿ ಹೋಗಿದೆ ನಂಗೆ.”

ಬಾಯಿಗೆ ಮೊದಲು ಬರುವ ಉತ್ತರ: “ಎಲ್ಲರ ಮನೆ ದೋಸೆಯೂ ತೂತೇ ಅಮ್ಮ.” ಸಮಾಧಾನ ಮಾಡುವ ಉದ್ದೇಶ ಒಳ್ಳೆಯದೇ. ಆದರೆ ಕೇಳಿದವರಿಗೆ ತಲುಪುವುದು ‘ನಿನ್ನದೇನು ದೊಡ್ಡ ವಿಷಯವಲ್ಲ’ ಎಂದು. ಎರಡನೆಯದು: “ಯಾಕೆ, ಅತ್ತೆ ಹತ್ರ ಕೂತು ಮಾತಾಡಬಾರದಾ?” ಇದು ಪ್ರಶ್ನೆಯ ವೇಷದ ಸಲಹೆ, ಅದನ್ನು ಆಕೆ ಹತ್ತು ಸಲ ಮಾಡಿ ನೋಡಿರುತ್ತಾರೆ. ಮೂರನೆಯದು: “ಅಯ್ಯೋ ಪಾಪ.” ಇದು ಅನುಕಂಪ, ಮೇಲಿನಿಂದ ಕೆಳಗೆ ನೋಡುವ ನೋಟ.

ಬೇಕಾದ್ದು ಇಂಥದ್ದು: “ಮನೆ ತುಂಬ ಜನ ಇದ್ದರೂ ಮಾತಿಗೆ ಯಾರೂ ಇಲ್ಲದ ಹಾಗೆ ಆಗಿದೆ. ಎಷ್ಟು ಮಾಡಿದರೂ ತಪ್ಪೇ ಕಾಣ್ತಾರೆ ಅಂತ ಬೇಸರವೂ ಇದೆ, ದಣಿವೂ ಇದೆ.” ಇದರಲ್ಲಿ ಮರುನುಡಿಯೂ ಇದೆ, ಅಂದರೆ ಅವರು ಹೇಳಿದ್ದನ್ನೇ ನಮ್ಮ ಮಾತಿನಲ್ಲಿ ತಿರುಗಿ ಹೇಳಿದ್ದು, ಭಾವವನ್ನು ಹೆಸರಿಟ್ಟು ಕರೆದದ್ದೂ ಇದೆ. ಹೇಳಿ ಸುಮ್ಮನಾಗಿ. ನಿಮ್ಮ ಊಹೆ ತಪ್ಪಿದ್ದರೆ ಅವರೇ ತಿದ್ದುತ್ತಾರೆ, “ಬೇಸರ ಅಲ್ಲ, ಸಿಟ್ಟು” ಎನ್ನುತ್ತಾರೆ. ತಪ್ಪು ಊಹೆಯಿಂದಲೂ ಮಾತು ಮುಂದೆ ಹೋಯಿತಲ್ಲ. “ಸಾಕಾಗಿ ಹೋಗಿದೆ” ಎಂಬ ಮಾತನ್ನು ಮಾತ್ರ ಮರೆಯದೆ ತೆಗೆದಿಟ್ಟುಕೊಳ್ಳಿ, ಅದಕ್ಕೆ ಮುಂದೆ ಬರುತ್ತೇವೆ.

ನಮ್ಮ ‘ಬೇಜಾರು’ ಒಂದು ಗೋಣಿಚೀಲ. ದುಃಖ, ಒಂಟಿತನ, ಸಿಟ್ಟು, ನಾಚಿಕೆ, ಬರಿಯ ಏಕತಾನ, ಎಲ್ಲವನ್ನೂ ಅದರಲ್ಲಿ ತುಂಬಿರುತ್ತಾರೆ. “ಯಾವ ಥರದ ಬೇಜಾರು?” ಎಂದು ಬಿಚ್ಚಿಸಬೇಕು. ಎಷ್ಟೋ ಜನರಿಗೆ ಭಾವ ಗೊತ್ತಾಗುವುದು ಮೈಯಲ್ಲಿ. “ಮಂಡೆಬಿಸಿ ಆದಾಗ ಮೈಯಲ್ಲಿ ಎಲ್ಲಿ ಏನಾಗ್ತದೆ?” ಎಂದು ಕೇಳಿದರೆ ಎದೆ ಡವಡವ, ಹೊಟ್ಟೆಯಲ್ಲಿ ಕಿವುಚಿದ ಹಾಗೆ, ನಿದ್ದೆ ಇಲ್ಲ ಎಂದು ಒಂದೊಂದೇ ಹೊರಬರುತ್ತದೆ.

‘ಯಾಕೆ’ ಎಂದು ಶುರುವಾಗುವ ಪ್ರಶ್ನೆ ಕನ್ನಡದಲ್ಲಿ ಬೈಗುಳಕ್ಕೆ ಹತ್ತಿರ. “ಯಾಕೆ ಕುಡಿದ್ರಿ?” ಎಂದರೆ ಉತ್ತರ ಬರುವುದಿಲ್ಲ, ಸಮರ್ಥನೆ ಬರುತ್ತದೆ. “ಆವತ್ತು ಏನಾಯ್ತು?”, “ಕುಡಿಯೋ ಮುಂಚೆ ಹೇಗಿತ್ತು?” ಎಂದು ಕೇಳಿ. ಒಂದು ಉಸಿರಿಗೆ ಒಂದೇ ಪ್ರಶ್ನೆ. ಎರಡು ಕೇಳಿದರೆ ಸುಲಭದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ಒಂದು ಪ್ರಶ್ನೆಗೆ ಎರಡು ಮರುನುಡಿ ಎಂಬ ಲೆಕ್ಕ ಇಟ್ಟುಕೊಳ್ಳಿ. ಆದರೆ ಅವರ ಕೊನೆಯ ಪದವನ್ನೇ ಗಿಳಿಯ ಹಾಗೆ ಒಪ್ಪಿಸಬೇಡಿ, ಮೂರನೇ ಸಲಕ್ಕೆ ಅವರಿಗೆ ಅಣಕದಂತೆ ಕೇಳಿಸುತ್ತದೆ.

ಮೌನ ಬಂದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹೊಸಬರಿಗೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ, ನಾಲ್ಕಕ್ಕೇ ಬಾಯಿ ತೆರೆಯುತ್ತಾರೆ. ಅಳುವಾಗಲೂ ಅಷ್ಟೇ. ನೀರಿನ ಲೋಟ ಕೈಗೆಟಕುವಲ್ಲಿರಲಿ, ಬಾಯಿಗೆ ಹಿಡಿಯಬೇಡಿ. “ಅಳಬೇಡಿ” ಎನ್ನುವುದು ನಮ್ಮ ಕಸಿವಿಸಿಗೆ ನಾವು ಮಾಡಿಕೊಳ್ಳುವ ಮದ್ದು.

ತರಬೇತಿ ಪುಸ್ತಕಗಳಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕೇಳಿ ಎಂದಿರುತ್ತದೆ. ಇಲ್ಲಿ ಚಿಕ್ಕ ವಯಸ್ಸಿನವರು ಹಿರಿಯರೆದುರು ನೆಲ ನೋಡುವುದು ಮರ್ಯಾದೆ. ಅದನ್ನು ಸುಳ್ಳು ಹೇಳುವ ಲಕ್ಷಣ ಎಂದು ಬರೆದುಕೊಂಡವರಿದ್ದಾರೆ. ನೀವು ಅವರ ಹಣೆಯ ಕಡೆಗೋ ಭುಜದ ಕಡೆಗೋ ಮೆತ್ತಗೆ ನೋಡಿದರೆ ಸಾಕು.

ಅಭ್ಯಾಸಕ್ಕೆ ಮೂವರು ಬೇಕು. ಒಬ್ಬರು ಹತ್ತು ನಿಮಿಷ ತಮ್ಮದೇ ಒಂದು ಸಣ್ಣ ಕಿರಿಕಿರಿ ಹೇಳಲಿ, ಒಬ್ಬರು ಕೇಳಲಿ, ಮೂರನೆಯವರು ಎಷ್ಟು ಪ್ರಶ್ನೆ, ಎಷ್ಟು ಮರುನುಡಿ, ಎಷ್ಟು ಸಲಹೆ ಎಂದು ಗೆರೆ ಎಳೆದು ಲೆಕ್ಕವಿಡಲಿ. ಮೊದಲ ಸಲ ಸಲಹೆಯ ಗೆರೆಗಳೇ ಜಾಸ್ತಿ ಇರುತ್ತವೆ.

ಯಾವ ಮಾರ್ಗ ಯಾರಿಗೆ

ಮೇಲೆ ಹೇಳಿದ್ದರ ಬಹುಪಾಲು ಕಾರ್ಲ್ ರೋಜರ್ಸ್ ಹಾಕಿಕೊಟ್ಟ ವ್ಯಕ್ತಿಕೇಂದ್ರಿತ ಮಾರ್ಗದಿಂದ ಬಂದದ್ದು. ಒಳಗೊಂದು ಹೊರಗೊಂದು ಇಲ್ಲದಿರುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ನೋಡುವುದು, ಈ ಮೂರೂ ಸಮಾಲೋಚಕರಲ್ಲಿ ಇರಬೇಕೆಂದು ಅವರು 1957ರಲ್ಲಿ ಬರೆದರು. ಬೇರೆ ಯಾವ ಮಾರ್ಗ ಹಿಡಿದರೂ ಇದು ಅಡಿಪಾಯ. ಬಾಲ್ಯದ ಗಾಯಗಳನ್ನು ಕೆದಕುವ ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಗೆ ವರ್ಷಗಟ್ಟಲೆ ತರಬೇತಿ ಬೇಕು, ಹೊಸಬರು ಅದರ ತಂಟೆಗೆ ಹೋಗದಿರುವುದು ಕ್ಷೇಮ.

ಚಿಂತೆ, ಖಿನ್ನತೆ ಇರುವವರಿಗೆ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವು–ನಡವಳಿಕೆ ಚಿಕಿತ್ಸೆ, ಅಂದರೆ ಸಿಬಿಟಿ, ಚೆನ್ನಾಗಿ ಒದಗುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಆದದ್ದು, ಮನಸ್ಸಿಗೆ ಬಂದ ಯೋಚನೆ, ಆದ ಭಾವ (ನೂರಕ್ಕೆ ಎಷ್ಟು), ಮಾಡಿದ್ದು. ಒಬ್ಬ ಬೆಳೆಗಾರರ ಹಾಳೆ ಹೀಗಿರಬಹುದು. ಆದದ್ದು: ಮರ ಹತ್ತುವ ಕೊನೆಗಾರರು ಸಿಗದೆ ಅಡಿಕೆಗೆ ಎರಡನೇ ಸಲದ ಬೋರ್ಡೋ ಮದ್ದು ಹೊಡೆಯುವುದು ತಪ್ಪಿತು, ಕೊಳೆರೋಗ ಬಂತು. ಯೋಚನೆ: ‘ನಾನು ಯಾವುದಕ್ಕೂ ಪ್ರಯೋಜನ ಇಲ್ಲ, ಊರಲ್ಲಿ ತಲೆ ಎತ್ತೋ ಹಾಗಿಲ್ಲ.’ ಭಾವ: ನಾಚಿಕೆ 80. ಮಾಡಿದ್ದು: ಸೊಸೈಟಿಗೆ ಹೋಗುವುದು ಬಿಟ್ಟೆ, ಹಗಲೂ ಮಲಗಿದೆ. ಈಗ ಎರಡನೇ ಕಾಲಂ ಮೇಲೆ ಬೆರಳಿಟ್ಟು ಕೇಳಿ: ಇದಕ್ಕೆ ಸಾಕ್ಷಿ ಏನಿದೆ, ವಿರುದ್ಧ ಏನಿದೆ, ಇದೇ ಪಕ್ಕದ ತೋಟದವರಿಗೆ ಆಗಿದ್ದರೆ ಅವರಿಗೆ ಏನು ಹೇಳುತ್ತಿದ್ದಿರಿ? ಉತ್ತರ ಅವರ ಬಾಯಿಂದಲೇ ಬರಬೇಕು. “ಪಾಸಿಟಿವ್ ಆಗಿ ಯೋಚನೆ ಮಾಡಿ” ಎಂದು ನೀವು ಹೇಳಿದರೆ ಸಿಬಿಟಿ ಹೋಗಿ ಉಪದೇಶ ಬಂತು.

ಇಲ್ಲಿ ಹೊಸಬರು ಎಡವುವ ಜಾಗ ಇನ್ನೊಂದಿದೆ. ಕೊಳೆ ನಿಜ, ಎಲೆಚುಕ್ಕಿ ರೋಗ ನಿಜ, ಸಾಲ ನಿಜ. ಅವು ಯೋಚನೆಯ ದೋಷಗಳಲ್ಲ. ಅವಕ್ಕೆ ಬೇಕಾದ್ದು ಸಮಸ್ಯೆ ಬಿಡಿಸುವ ಕೆಲಸ: ಯಾರಿಗೆ ಎಷ್ಟು, ಯಾವಾಗ ಎಂದು ಬರೆಯುವುದು, ಮೊದಲು ಹಿಡಿಯಬೇಕಾದ ಒಂದನ್ನು ಆರಿಸುವುದು, ಇರುವ ದಾರಿಗಳನ್ನೆಲ್ಲ ಪಟ್ಟಿ ಮಾಡುವುದು, ಈ ವಾರ ಮಾಡಬಹುದಾದ ಒಂದು ಹೆಜ್ಜೆ ನಿಗದಿ ಮಾಡುವುದು. ಮಲಗಿಬಿಟ್ಟವರನ್ನು ಎಬ್ಬಿಸಲು ಚಟುವಟಿಕೆಯಿಂದಲೇ ಶುರು ಮಾಡಬೇಕು. ಹುಮ್ಮಸ್ಸು ಬಂದ ಮೇಲೆ ಮಾಡುವುದಲ್ಲ, ಮಾಡಿದ ಮೇಲೆ ಹುಮ್ಮಸ್ಸು ಬರುವುದು. “ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ ತೋಟಕ್ಕೆ ಹತ್ತು ನಿಮಿಷ ಒಂದು ಸುತ್ತು” ಎಂಬಷ್ಟು ಸಣ್ಣದಿರಲಿ.

ಕುಡಿತ ಬಿಡಿಸಲು ಬೈದು, ಹೆದರಿಸಿ, ಆಣೆ ಹಾಕಿಸಿ ಸೋತವರಿಗೆ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ಅವರ ಪ್ರೇರಣಾ ಸಂವಾದ ದಾರಿ ತೋರಿಸುತ್ತದೆ. “ಬಿಡಬೇಕು ಅನ್ನೋದು ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ?” ಎಂದು ಕೇಳಿ. ನಾಲ್ಕು ಎಂದರು ಎನ್ನಿ. “ಯಾಕೆ ಎಂಟಲ್ಲ?” ಎಂದು ಕೇಳಿದರೆ ಬಿಡದಿರಲು ಇರುವ ಕಾರಣಗಳನ್ನೆಲ್ಲ ಹೇಳುತ್ತಾ ಕುಡಿತವನ್ನು ತಾವೇ ಗಟ್ಟಿ ಮಾಡಿಕೊಳ್ಳುತ್ತಾರೆ. “ಒಂದೋ ಎರಡೋ ಅನ್ನಲಿಲ್ಲ, ನಾಲ್ಕು ಅಂದ್ರಲ್ಲ, ಅದು ಹೇಗೆ?” ಎಂದು ಕೇಳಿ. “ಮಗಳು ಈಗ ಹತ್ರ ಬರಲ್ಲ” ಎಂಬಂಥ ಮಾತು ಅವರಿಂದಲೇ ಹೊರಡುತ್ತದೆ. ಅದನ್ನು ಹಿಡಿದು ಮರುನುಡಿಯಿರಿ. ‘ಯಾಕೆ’ ಬಳಸಬೇಡಿ ಎಂದ ನಿಯಮ ಇಲ್ಲೂ ಉಪಯೋಗಕ್ಕೆ ಬಂತು.

ಒಂದೇ ಸಲ ಬರಲು ಸಾಧ್ಯವಿರುವವರಿಗೆ ಸ್ಟೀವ್ ಡಿ ಶೇಜರ್ ಮತ್ತು ಇನ್‌ಸೂ ಕಿಮ್ ಬರ್ಗ್ ಅವರ ಪರಿಹಾರಕೇಂದ್ರಿತ ಮಾರ್ಗ ಅನುಕೂಲ. ಸಮಸ್ಯೆ ಇಲ್ಲದಿದ್ದ ದಿನ ಯಾವುದು, ಆ ದಿನ ಏನು ಬೇರೆ ಇತ್ತು ಎಂದು ಹುಡುಕುವುದೇ ಅದರ ತಿರುಳು.

ಸಾವಿನ ಮಾತು ಸುಳಿದಾಗ

“ಸಾಕಾಗಿ ಹೋಗಿದೆ”, “ನಾನಿದ್ದು ಏನು”, “ಎಲ್ಲಾದರೂ ಹೋಗಿಬಿಡ್ತೇನೆ” ಎಂಬ ಮಾತು ಬಂದರೆ ನೇರವಾಗಿ ಕೇಳಿ: “ಇಷ್ಟು ಕಷ್ಟ ಆದಾಗ ಕೆಲವರಿಗೆ ಸಾಯಬೇಕು ಅನ್ನಿಸೋದುಂಟು. ನಿಮಗೆ ಹಾಗೆ ಅನ್ನಿಸಿದೆಯಾ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂಬುದು ತಪ್ಪು ಭಯ. ಕೇಳಿದರೆ ಬಹಳ ಜನರಿಗೆ ಭಾರ ಇಳಿದಂತಾಗುತ್ತದೆ. ಹೌದು ಎಂದರೆ ಮುಖ ಬದಲಿಸದೆ ಮುಂದುವರಿಯಿರಿ: ಎಷ್ಟು ದಿನದಿಂದ, ಹೇಗೆ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಯಾವಾಗ ಎಂದುಕೊಂಡಿದ್ದಾರಾ, ಹಿಂದೆ ಪ್ರಯತ್ನಿಸಿದ್ದುಂಟಾ, ಈವರೆಗೆ ತಡೆದದ್ದು ಏನು.

ಯೋಜನೆ ಇದ್ದು ವಸ್ತುವೂ ಕೈಗೆಟಕುವಂತಿದ್ದರೆ ಆ ದಿನ ಅವರನ್ನು ಒಂಟಿಯಾಗಿ ಬಿಡುವಂತಿಲ್ಲ. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆ, ತಾಲ್ಲೂಕಿನಲ್ಲಾದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ, ನಂಬಿಕೆಯ ಒಬ್ಬರ ಜೊತೆಯಲ್ಲಿ. ಮನೆಯಲ್ಲಿ ಮಾಡಬೇಕಾದ ಕೆಲಸ: ಕಳೆನಾಶಕ, ಕೀಟನಾಶಕ ಮನೆಯಿಂದಲೇ ಹೊರಗೆ ಹೋಗಬೇಕು, ಅಟ್ಟದ ಮೇಲಿಟ್ಟರೆ ಸಾಲದು. ಬೆಳೆ ರಕ್ಷಣೆಯ ಕೋವಿ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಚುನಾವಣೆಗೆ ಠಾಣೆಯಲ್ಲಿ ಕೋವಿ ಒಪ್ಪಿಸುವ ರೂಢಿ ಎಲ್ಲರಿಗೂ ಗೊತ್ತಿರುವುದರಿಂದ ಹಾಗೆಯೇ ಒಪ್ಪಿಸಲು ಮನೆಯವರನ್ನು ಒಪ್ಪಿಸುವುದು ಅಷ್ಟು ಕಷ್ಟವಾಗುವುದಿಲ್ಲ. ಆವೇಗದ ಗಳಿಗೆ ಎಷ್ಟೋ ಸಲ ಕಿರಿದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಒಂಟಿ ಮನೆಗಳ ಸೀಮೆಯಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ.

“ಮಂಜುನಾಥನ ಮೇಲೆ ಆಣೆ ಮಾಡಿ, ಏನೂ ಮಾಡ್ಕೊಳ್ಳಲ್ಲ ಅಂತ” ಎಂದು ಆಣೆ ತಗೊಳ್ಳಬೇಡಿ. ಆಣೆ ಸಾವನ್ನು ತಡೆಯುವುದಿಲ್ಲ. ಮುಂದಿನ ಸಲ ಯೋಚನೆ ಬಂದಾಗ ನಾಚಿಕೆಯಿಂದ ನಿಮ್ಮಿಂದಲೂ ಮುಚ್ಚಿಡುತ್ತಾರೆ. ಬದಲಿಗೆ ಅವರ ಕೈಯಲ್ಲೇ ಒಂದು ಚೀಟಿ ಬರೆಸಿ: ಅಪಾಯದ ಗಳಿಗೆ ಬರುತ್ತಿದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ, ಆಗ ನಾನೊಬ್ಬನೇ ಏನು ಮಾಡಬಹುದು, ಯಾರ ಮನೆಗೆ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬಹುದು. ಕೊನೆಯ ಸಾಲಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇರಲಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದೂ ಕೇಳಿ ಬರೆಸಿ. ಸಿಗ್ನಲ್‌ಗಾಗಿ ರಾತ್ರಿ ಗುಡ್ಡ ಹತ್ತಬೇಕಾದ ಮನೆಯಾದರೆ ಫೋನಿನ ಮೇಲೆ ನಿಂತ ಯೋಜನೆ ಕೆಲಸಕ್ಕೆ ಬಾರದು, ನೆರೆಮನೆಯವರ ಹೆಸರು ಮೊದಲು ಬರಲಿ.

ಕೇಸು ಹಾಕುತ್ತಾರೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಬೇರೆಯಾಗಿ ಸಾಬೀತಾಗದ ಹೊರತು ಶಿಕ್ಷೆ ಇಲ್ಲ.

ಬೇರೆಯವರ ಕೈಗೆ ಒಪ್ಪಿಸುವ ಹೊತ್ತು

ದಿನಾ ಹೆಚ್ಚು ಕುಡಿಯುವವರಿಗೆ “ಇವತ್ತಿಂದಲೇ ಬಿಡಿ” ಎನ್ನುವುದು ಅಪಾಯಕಾರಿ ಮಾತು. ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನದಲ್ಲೇ ಕೈ ನಡುಕ, ಎರಡು ದಿನದೊಳಗೆ ಫಿಟ್ಸ್, ಮೂರನೇ ದಿನದ ಹೊತ್ತಿಗೆ ಗೊಂದಲ, ಇಲ್ಲದ್ದು ಕಾಣುವುದು ಬರಬಹುದು, ಪ್ರಾಣಕ್ಕೇ ಎರವಾಗಬಹುದು. ಮೊದಲು ವೈದ್ಯರು, ಆಮೇಲೆ ಸಮಾಲೋಚನೆ. ಕಿವಿಯಲ್ಲಿ ದನಿ ಕೇಳುವವರು, ಊರೆಲ್ಲ ತನ್ನ ಮೇಲೆ ಸಂಚು ಮಾಡುತ್ತಿದೆ ಎನ್ನುವವರು, ಎರಡು ವಾರಕ್ಕೂ ಮೀರಿ ಊಟ ನಿದ್ದೆ ಆಸಕ್ತಿ ಕೆಟ್ಟವರು ಮನೋವೈದ್ಯರ ಬಳಿಗೆ ಹೋಗಬೇಕು. ಬಾಣಂತಿ ನಿದ್ದೆ ಬಿಟ್ಟು ಅಸಂಬದ್ಧ ಮಾತಾಡುತ್ತಿದ್ದರೆ ಅದೇ ದಿನ, ನಾಳೆ ಬೇಡ. ಸುಸ್ತು, ಬೇಸರ ಮಾತ್ರ ಇದ್ದರೂ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.

ಚೌಡಿಗೆ ಹರಕೆ, ಭೂತಕ್ಕೆ ಪೂಜೆ ಎಂದರೆ ಮೂಗು ಮುರಿಯಬೇಡಿ. ಹರಕೆ ಬಿಡಿಸಹೋದರೆ ಅವರು ನಿಮ್ಮನ್ನೇ ಬಿಡುತ್ತಾರೆ. “ಪೂಜೆಯೂ ಆಗಲಿ, ಮಾತ್ರೆಯೂ ತಪ್ಪದಿರಲಿ” ಎಂದರೆ ಎರಡೂ ನಡೆಯುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕೆಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ಎಂಟನೇ ದಿನ ಬಿಟ್ಟಿರುತ್ತಾರೆ.

ಟಿಪ್ಪಣಿ ಮತ್ತು ಮುಂದಿನ ಭೇಟಿ

ಭೇಟಿ ಮುಗಿದ ಹತ್ತು ನಿಮಿಷದಲ್ಲಿ ಬರೆಯಿರಿ, ಎದುರಿಗೆ ಕೂತಿದ್ದಾಗ ಅಲ್ಲ. ಅವರು ಹೇಳಿದ್ದು, ನೀವು ಕಂಡದ್ದು, ನಿಮಗನ್ನಿಸಿದ್ದು ಬೇರೆ ಬೇರೆ ಇರಲಿ. ಹೆಸರಿನ ಬದಲು ಸಂಖ್ಯೆ ಹಾಕಿ, ಹೆಸರು–ಸಂಖ್ಯೆಯ ಪಟ್ಟಿ ಬೇರೆ ಬೀಗದಲ್ಲಿರಲಿ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಅನುಭವಿಗಳ ಜೊತೆ ಕೂತು ಕಠಿಣವೆನಿಸಿದ್ದನ್ನು ಚರ್ಚಿಸಿ, ಗುರುತು ಬಿಟ್ಟುಕೊಡದೆ. ಒಬ್ಬರ ಕಥೆ ರಾತ್ರಿ ಊಟದ ಹೊತ್ತಿಗೂ ತಲೆಯಲ್ಲಿ ತಿರುಗುತ್ತಿದ್ದರೆ ಮೊದಲು ಚರ್ಚಿಸಬೇಕಾದ್ದು ಅದನ್ನೇ.

ಮಳೆಗಾಲದಲ್ಲಿ ಭೇಟಿ ತಪ್ಪುವುದು ಸಹಜ. ಬರಲಿಲ್ಲ ಎಂದರೆ ಮನಸ್ಸಿಲ್ಲ ಎಂದು ತೀರ್ಮಾನಿಸದೆ ಫೋನ್ ಮಾಡಬೇಕು. ಆದರೆ ಆ ಫೋನ್ ಎತ್ತುವವರು ಗಂಡನೋ ಮಾವನೋ ಆಗಿರಬಹುದು. ಅದಕ್ಕೇ ಮೊದಲ ದಿನವೇ ಕೇಳಿಟ್ಟುಕೊಳ್ಳಿ: ಯಾವ ಹೊತ್ತಿಗೆ ಮಾಡಲಿ, ಬೇರೆಯವರು ಎತ್ತಿದರೆ ಯಾರೆಂದು ಹೇಳಲಿ? “ಟೈಲರಿಂಗ್ ಕ್ಲಾಸಿನವರು ಅನ್ನಿ” ಎಂದರೆ ಹಾಗೆಯೇ ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆದಿಡಿ. ನಿಮ್ಮ ರಜೆಯ ದಿನ ಫೋನ್ ಮಾಡುವ ಸಹೋದ್ಯೋಗಿಗೂ ಅದು ಕಾಣುವಂತಿರಲಿ.